ಫಾಕ್ನರ್‌ನನ್ನು ಎಲ್ಲಿಂದ ಶುರು ಮಾಡಲಿ?

"'ದಿ ಸೌಂಡ್ ಅಂಡ್ ದಿ ಫ್ಯೂರಿ'ಯನ್ನು ಮೂರು ಸಲ ಹಿಡಿದೆ, ಇಪ್ಪತ್ತು ಪುಟ ದಾಟಲಾಗಲಿಲ್ಲ. ಫಾಕ್ನರ್‌ನನ್ನು ಎಲ್ಲಿಂದ ಓದಬೇಕು?" ಅಮೆರಿಕದ ಕಾದಂಬರಿಕಾರ ವಿಲಿಯಂ ಫಾಕ್ನರ್‌ನನ್ನು ನಾನು ಓದುತ್ತೇನೆಂದು ಬಲ್ಲವರೆಲ್ಲ ಕೇಳುವುದು ಇದನ್ನೇ. ನನ್ನ ಉತ್ತರವೂ ಯಾವತ್ತೂ ಒಂದೇ: 'ಆ್ಯಸ್ ಐ ಲೇ ಡೈಯಿಂಗ್'ನಿಂದ.

1930ರಲ್ಲಿ ಬಂದ ಸಣ್ಣ ಕಾದಂಬರಿ ಅದು. ಮಿಸಿಸಿಪಿಯ ಬಡ ರೈತನ ಹೆಂಡತಿ ಆ್ಯಡಿ ಬಂಡ್ರನ್ ಸಾಯುತ್ತಿದ್ದಾಳೆ. ಅವಳಿಗೆ ಕಿಟಕಿಯಿಂದ ಕಾಣುವಂತೆಯೇ ಹಿರಿಮಗ ಕ್ಯಾಶ್ ಅವಳ ಶವಪೆಟ್ಟಿಗೆಗೆ ಹಲಗೆ ಕೊಯ್ಯುತ್ತಿದ್ದಾನೆ. ಜೆಫರ್ಸನ್‌ನಲ್ಲಿ, ತನ್ನವರ ಪಕ್ಕದಲ್ಲಿ ಮಣ್ಣಾಗಬೇಕೆಂಬುದು ಅವಳ ಆಸೆ. ಗಂಡ, ಮಕ್ಕಳು ಹೆಣವನ್ನು ಗಾಡಿಗೇರಿಸಿ ಹೊರಡುತ್ತಾರೆ. ಹೊಳೆ ತುಂಬಿ ಸೇತುವೆ ಕೊಚ್ಚಿಹೋಗಿದೆ, ರಣಹದ್ದುಗಳು ಬೆನ್ನು ಬಿಡುತ್ತಿಲ್ಲ.

ಕಥೆ ಇಷ್ಟೇ, ಬಹುಮಟ್ಟಿಗೆ ಮುಂದಕ್ಕೇ ಸಾಗುತ್ತದೆ. ಹೇಳುವವರು ಮಾತ್ರ 15 ಜನ, 59 ಅಧ್ಯಾಯಗಳಲ್ಲಿ. ಪ್ರತಿ ಅಧ್ಯಾಯದ ತಲೆಯ ಮೇಲೆ ಮಾತಾಡುವವರ ಹೆಸರಿದೆ. ಹೊಸಬರಿಗೆ ಈ ಹೆಸರಿಗಿಂತ ದೊಡ್ಡ ಆಸರೆ ಬೇರೆ ಬೇಕಿಲ್ಲ.

ಒಂದು ಅಧ್ಯಾಯವಂತೂ ಒಂದೇ ವಾಕ್ಯ: ಕಿರಿಮಗ ವಾರ್ಡಮನ್ ತನ್ನ ತಾಯಿ ಮೀನು ಎನ್ನುತ್ತಾನೆ. ಇದಕ್ಕೆ ಸಂಕೇತಾರ್ಥ ಹುಡುಕಹೊರಟರೆ ಅಲ್ಲೇ ಸಿಕ್ಕಿಕೊಳ್ಳುತ್ತೀರಿ. ತಾಯಿ ಸತ್ತ ದಿನವೇ ಅವನು ದೊಡ್ಡದೊಂದು ಮೀನು ಹಿಡಿದು ತಂದು ಕೊಚ್ಚಿದ್ದಾನೆ. ಈಗಷ್ಟೇ ಮೀನಾಗಿದ್ದದ್ದು ಈಗ ಮೀನಲ್ಲ. ಈಗಷ್ಟೇ ಇದ್ದ ಅಮ್ಮ ಈಗಿಲ್ಲ. ಆ ಮಗುವಿಗೆ ಸಾವನ್ನು ಅಳೆಯಲು ಇದ್ದ ಅಳತೆಗೋಲು ಅದೊಂದೇ. ಫಾಕ್ನರ್‌ನಲ್ಲಿ "ಇದರ ಅರ್ಥವೇನು?" ಎಂದು ಕೇಳುವ ಮೊದಲು "ಯಾರು ಹೇಳುತ್ತಿದ್ದಾರೆ, ಅವರು ಏನು ಕಂಡಿದ್ದಾರೆ?" ಎಂದು ಕೇಳಿಕೊಳ್ಳಬೇಕು. ಇದು ಅಭ್ಯಾಸವಾದ ಮೇಲೆ 1929ರ 'ದಿ ಸೌಂಡ್ ಅಂಡ್ ದಿ ಫ್ಯೂರಿ'ಗೆ ಮರಳಿ.

ಅದರ ಮೊದಲ ಭಾಗ ನಡೆಯುವುದು 1928ರ ಏಪ್ರಿಲ್ 7ರಂದು. ಹೇಳುವವನು ಬೆಂಜಿ. ಅವನಿಗೆ 33 ವರ್ಷ. ಬುದ್ಧಿ ಬೆಳೆದಿಲ್ಲ, ಮಾತು ಬಾರದು. ಬೇಲಿಯಾಚೆ ಗಾಲ್ಫ್ ಆಡುವವರು ಚೀಲ ಹೊರುವ ಹುಡುಗನನ್ನು "ಕ್ಯಾಡಿ" ಎಂದು ಕೂಗಿದರೆ ಇವನು ಗೋಳಾಡುತ್ತಾನೆ. ಮನೆಬಿಟ್ಟು ಹೋದ ಅವನ ಅಕ್ಕನ ಹೆಸರೂ ಕ್ಯಾಡಿ. ಆ ಮೈದಾನವೂ ಹಿಂದೆ ಇವರದೇ ಹುಲ್ಲುಗಾವಲು. ಅಣ್ಣ ಕ್ವೆಂಟಿನ್‌ನನ್ನು ಹಾರ್ವರ್ಡ್‌ಗೆ ಕಳಿಸಲೆಂದು ಮಾರಿದ್ದು. ಇದ್ಯಾವುದನ್ನೂ ಬೆಂಜಿ ವಿವರಿಸಲಾರ. ಕೂಗು ಕೇಳಿಸುತ್ತದೆ, ಕಾಲ ಕಲಸಿಹೋಗುತ್ತದೆ.

ದಾರಿ ತಪ್ಪದಿರಲು ಅವನನ್ನು ನೋಡಿಕೊಳ್ಳುತ್ತಿರುವವರು ಯಾರೆಂದು ಗಮನಿಸಿ. ವರ್ಷ್ ಇದ್ದರೆ ಬಾಲ್ಯ, ಟಿ.ಪಿ. ಇದ್ದರೆ ನಡುಗಾಲ, ಲಸ್ಟರ್ ಇದ್ದರೆ 1928. ಕ್ವೆಂಟಿನ್ ಎಂಬ ಹೆಸರಿನವರೂ ಇಬ್ಬರು: ಕ್ಯಾಡಿಯ ಅಣ್ಣ ಮತ್ತು ಕ್ಯಾಡಿಯ ಮಗಳು. ಇದಕ್ಕಿಂತ ಹೆಚ್ಚು ತಿಳಿದುಕೊಂಡು ಹೋಗಬೇಡಿ. ಮುಂದೆ 1946ರಲ್ಲಿ ಪ್ರಕಟವಾದ, ಆ ಮನೆತನದ ಕಥೆ ಹೇಳುವ ಅನುಬಂಧ ನಿಮ್ಮ ಪ್ರತಿಯ ಮೊದಲಲ್ಲೇ ಇದ್ದರೆ ದಯವಿಟ್ಟು ಅದನ್ನು ಬಿಟ್ಟು ಮುಂದೆ ಹೋಗಿ. ನೀವೇ ಕಂಡುಕೊಳ್ಳಬೇಕಾದದ್ದನ್ನು ಅದು ಮೊದಲೇ ಹೇಳಿಬಿಡುತ್ತದೆ.

ಎರಡು ಮೂರು ಸಲ ಓದಿದರೂ ಅರ್ಥವಾಗದವರು ಏನು ಮಾಡಬೇಕೆಂದು ಕೇಳಿದಾಗ, ನಾಲ್ಕನೆಯ ಸಲ ಓದಲಿ ಎಂದಿದ್ದ ಫಾಕ್ನರ್. ಅಷ್ಟು ಬೇಕಿಲ್ಲ ಅನ್ನಿಸುತ್ತದೆ ನನಗೆ. ನಾಲ್ಕೂ ಭಾಗ ಮುಗಿಸಿ, ಬೆಂಜಿಯ ಭಾಗವನ್ನಷ್ಟೇ ಮತ್ತೊಮ್ಮೆ ಓದಿ, ಸಾಕು.

ಆಮೇಲೆ 'ಲೈಟ್ ಇನ್ ಆಗಸ್ಟ್' ಯಾವಾಗ ಬೇಕಾದರೂ ಆಗಬಹುದು. 1936ರ 'ಆಬ್ಸಲೋಮ್, ಆಬ್ಸಲೋಮ್!' ಮಾತ್ರ ಕೊನೆಗಿರಲಿ. ಅದರ ವಾಕ್ಯಗಳು ಪುಟ ದಾಟಿ ಹರಿಯುತ್ತವೆ ಎಂಬುದಷ್ಟೇ ಕಾರಣವಲ್ಲ. 1910ರ ಜನವರಿಯ ಚಳಿಯಲ್ಲಿ, ಹಾರ್ವರ್ಡ್‌ನ ಕೋಣೆಯೊಂದರಲ್ಲಿ ಕೂತು ಆ ಕಥೆ ಹೇಳುವವನು ಅದೇ ಕ್ವೆಂಟಿನ್. ಹಿಂದಿನ ಕಾದಂಬರಿ ಓದಿದವರಿಗೆ ಅದೇ ವರ್ಷದ ಜೂನ್ 2 ಅವನಿಗೆ ಎಂಥ ದಿನವೆಂದು ಗೊತ್ತಿರುತ್ತದೆ.