ಫ್ಯಾನಿನ ಗಾಳಿಯೂ ಬಿಸಿಯಾದಾಗ

ಬಿಸಿಗಾಳಿಯ ದಿನಗಳಲ್ಲಿ ಫ್ಯಾನನ್ನು ಐದಕ್ಕೆ ತಿರುಗಿಸಿ ಕೂತರೆ ಸಾಲದು. ಚರ್ಮದ ಬಿಸಿ ಸುಮಾರು 35 ಡಿಗ್ರಿ. ಕೋಣೆ ಅದಕ್ಕಿಂತ ಕಾದರೆ ಫ್ಯಾನು ತಳ್ಳುವುದು ಬಿಸಿಯನ್ನೇ. ಆಗ ತಂಪು ಕೊಡುವುದು ಬೆವರು ಆರುವುದೊಂದೇ. 40 ದಾಟಿದರೆ ಅದನ್ನೂ ನೆಚ್ಚುವಂತಿಲ್ಲ. ಕೈ, ಕತ್ತು ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡು ಗಾಳಿಗೆ ಕೂತರೆ ವಾಸಿ. ಮೈ ಜಿಗುಟಾಗುವ ಸೆಕೆಯಲ್ಲಿ ಇದೂ ಅಷ್ಟಕ್ಕಷ್ಟೇ, ನೀರು ಆರಬೇಕಲ್ಲ!

ಕಾಂಕ್ರೀಟ್ ತಾರಸಿ ಹಗಲು ನುಂಗಿದ ಬಿಸಿಯನ್ನು ರಾತ್ರಿ ಕಾರುತ್ತದೆ. ಹೊರಗೆ ತಂಪಾದ ಮೇಲಷ್ಟೇ ಕಿಟಕಿ ತೆರೆಯಿರಿ.

ಬಿಸಿಲಲ್ಲಿ ದುಡಿಯುವವರು ತೊದಲಿದರೆ, ಏನೇನೋ ಮಾತಾಡಿದರೆ ಅದು ಹೀಟ್ ಸ್ಟ್ರೋಕ್ ಇರಬಹುದು. ಬೆವರುತ್ತಿದ್ದಾರಲ್ಲ ಅಂತ ಸುಮ್ಮನಿರಬೇಡಿ, ಬೆವರುತ್ತಿದ್ದರೂ ಆಗುತ್ತದೆ. ಆಂಬುಲೆನ್ಸಿಗೆ ಹೇಳಿ, ನೆರಳಲ್ಲಿ ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಿರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಮಾತ್ರ ನೀರು ಬೇಡ.