ಸೊಂಟದ ಮೇಲಿನ ನೀಲಿ ಮಚ್ಚೆ

ನಮ್ಮ ಮಗಳಿಗೆ ಹುಟ್ಟಿದಾಗಿನಿಂದ ಸೊಂಟದ ಮೇಲೆ ನೀಲಿ ಮಚ್ಚೆಗಳಿವೆ. ಒಂದು ಅವಳ ಅಂಗೈಗಿಂತ ದೊಡ್ಡದು. ಇನ್ನೆರಡು ಸಣ್ಣವು, ಬೆನ್ನ ಮಧ್ಯ. ನಮ್ಮ ಅವ್ವ ಎರೆಯುವಾಗೆಲ್ಲ "ದೇವರು ತಟ್ಟಿ ಕಳಿಸ್ಯಾನ" ಅನ್ನುತ್ತಿದ್ದಳು. ಅದೇ ಮಚ್ಚೆ ನೋಡಿ ಒಂದು ದಿನ ನನ್ನ ಮೇಲೆ ದೂರು ಹೋಗುತ್ತೆ ಅಂತ ಯಾರಿಗೆ ಗೊತ್ತಿತ್ತು?

ಆಗ ಅವಳು ಯುಕೆಜಿ. ಶಾಲೆಯಲ್ಲಿ ಬಾಟಲಿ ನೀರು ಮೈಮೇಲೆ ಸುರಿದುಕೊಂಡಿದ್ದಾಳೆ. ಬಟ್ಟೆ ಬದಲಿಸುವಾಗ ಆಯಮ್ಮ ಮಚ್ಚೆ ನೋಡಿ ಟೀಚರಿಗೆ ಹೇಳಿದ್ದಾರೆ. ಟೀಚರು ಇವಳನ್ನು ಸ್ಟಾಫ್ ರೂಮಿಗೆ ಕರೆದು, ನಾಲ್ಕು ಜನರ ಮಧ್ಯೆ ನಿಲ್ಲಿಸಿ, "ಅಪ್ಪ ಹೊಡೀತಾರಾ ಪುಟ್ಟಿ?" ಅಂತ ಕೇಳಿದ್ದಾರೆ. "ಹೂಂ, ದಿನಾ ಹೊಡೀತಾರೆ" ಅಂದಿದ್ದಾಳೆ ನಮ್ಮ ಮಹಾತಾಯಿ. ರಾತ್ರಿ ಊಟ ಆದ ಮೇಲೆ ನಮ್ಮಿಬ್ಬರದು ದಿಂಬಿನ ಜಗಳ. ಅದರಲ್ಲಿ ಜಾಸ್ತಿ ಏಟು ಬೀಳುವುದು ನನಗೇ. ಅದನ್ನು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ನಮಗೊಂದು ಮಾತೂ ತಿಳಿಸದೆ ಶಾಲೆಯವರು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರು.

ನಾನು ಮಂಡಿಪೇಟೆಯಲ್ಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಮಧ್ಯಾಹ್ನ ಹೆಂಡತಿ ಫೋನ್ ಮಾಡಿದಳು. "ರೀ, ಮಕ್ಕಳ ಸಹಾಯವಾಣಿಯವರಂತೆ, ಮನೆಗೆ ಬಂದಾರೆ. ನೀವು ಈಗಲೇ ಬರ್ರಿ." ಅವಳ ಗಂಟಲು ಒಣಗಿದ್ದು ಫೋನಲ್ಲೇ ಗೊತ್ತಾಗುತ್ತಿತ್ತು. ಬೈಕ್ ಹತ್ತಿ ನಿಟ್ಟುವಳ್ಳಿಗೆ ಹೋಗುವಷ್ಟರಲ್ಲಿ ನಮ್ಮ ಓಣಿ ಬಾಗಿಲಿಗೆ ಬಂದು ನಿಂತಿತ್ತು.

ಒಬ್ಬ ಮೇಡಂ, ಒಬ್ಬ ಹುಡುಗ, ಕೊರಳಲ್ಲಿ ಗುರುತಿನ ಚೀಟಿ. ಮರ್ಯಾದೆಯಿಂದಲೇ ಮಾತಾಡಿದರು, ಸುಳ್ಳು ಯಾಕೆ ಹೇಳಲಿ. ಮಗು ಎಲ್ಲಿ ಮಲಗುತ್ತೆ, ಬೆಳಗ್ಗೆ ಏನು ತಿಂದಿತು, ಮನೆಯಲ್ಲಿ ಕುಡಿಯುವವರು ಇದ್ದಾರಾ, ಎಲ್ಲ ಕೇಳಿ ಬರೆದುಕೊಂಡರು. ಅಡುಗೆಮನೆಗೆ ಹೋಗಿ ಡಬ್ಬಿಗಳನ್ನೂ ನೋಡಿದರು. ಅವ್ವ ಮಾತ್ರ ಇವರನ್ನು ನೆಂಟರೆಂದೇ ತಿಳಿದು ಮಂಡಕ್ಕಿ ಒಗ್ಗರಣೆಗೆ ಈರುಳ್ಳಿ ಹೆಚ್ಚಲು ಕೂತಿದ್ದಳು. "ಬೇಡ ಅಜ್ಜಿ, ನಾವು ಏನೂ ತಿನ್ನಂಗಿಲ್ಲ" ಅಂದಾಗ ಅವಳಿಗೆ ಬೇಜಾರಾಯಿತು. ಆಮೇಲೆ ಮೇಡಂ ಪಕ್ಕದ ಮನೆಗೂ ಹೋಗಿ ನಮ್ಮ ಬಗ್ಗೆ ವಿಚಾರಿಸಿದರು. ನನಗೆ ನಿಜವಾಗಿ ನೋವಾಗಿದ್ದು ಅಲ್ಲಿ. ದಿನಾ ಸಕ್ಕರೆ, ಮಜ್ಜಿಗೆ ಕೊಟ್ಟು ತಗೊಳ್ಳುವ ಮನೆ ಅದು.

ಹೋಗುವಾಗ ಮೇಡಂ ಹೇಳಿದರು: "ಸಿಟ್ಟು ಮಾಡ್ಕೋಬೇಡಿ ಸರ್. ಶಾಲೆಗೆ ಹೋಗಿ ಜಗಳ ಆಡಬೇಡಿ. ಮಕ್ಕಳ ಕಲ್ಯಾಣ ಸಮಿತಿ ಮುಂದೆ ಬರುವಾಗ ಕಾಗದ ಇದ್ದರೆ ತನ್ನಿ."

ಆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು? ಮೊಬೈಲಲ್ಲಿ ಬಾಲನ್ಯಾಯ ಕಾಯ್ದೆ ಓದುತ್ತಾ ಕೂತೆ. 2015ರ ಕಾಯ್ದೆ. ಅದರ 75ನೇ ಸೆಕ್ಷನ್ ಪ್ರಕಾರ ಮಗುವಿಗೆ ಹಿಂಸೆ ಕೊಟ್ಟವರಿಗೆ 3 ವರ್ಷದವರೆಗೆ ಜೈಲು, ಇಲ್ಲ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಮಕ್ಕಳ ಕಲ್ಯಾಣ ಸಮಿತಿಗೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಅಧಿಕಾರ ಇದೆಯಂತೆ. ಮಗುವನ್ನು ಬಾಲಮಂದಿರಕ್ಕೆ ಕಳಿಸಲೂಬಹುದು. ಅಷ್ಟು ಓದಿ ಫೋನ್ ಮಗುಚಿ ಇಟ್ಟೆ.

ಕಾಗದದ ನೆನಪಾಗಿದ್ದು ಹೆಂಡತಿಗೆ. ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ತಾಯಿ ಕಾರ್ಡ್ ಇತ್ತು. ಅದರೊಳಗೆ ಮಡಚಿಟ್ಟ ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ. ಮಡಿಕೆ ಹರಿದಿತ್ತು, ಒಂದು ಮೂಲೆಗೆ ಅರಿಶಿನ. ಮಗುವಿನ ತೂಕ, ಹಾಕಿದ ಲಸಿಕೆ, ಅದರ ಕೆಳಗೆ ನೀಲಿ ಇಂಕಿನಲ್ಲಿ, ಡಾಕ್ಟರ ಆ ಗೀಚು ಅಕ್ಷರದಲ್ಲಿ: ಮಂಗೋಲಿಯನ್ ಸ್ಪಾಟ್, ಸೊಂಟ ಮತ್ತು ಬೆನ್ನು. ಹುಟ್ಟಿನಿಂದಲೇ ಇರುವ ಇಂಥ ನೀಲಿ ಮಚ್ಚೆಗೆ ಡಾಕ್ಟರುಗಳು ಇಟ್ಟ ಹೆಸರು ಅದು. ಅಷ್ಟು ದಿನ ಆ ಸಾಲನ್ನು ಯಾರೂ ಓದಿರಲಿಲ್ಲ. ಮೊಬೈಲಲ್ಲಿ ಒಂದು ಫೋಟೋನೂ ಸಿಕ್ಕಿತು. ಅವ್ವ ಕಾಲು ಚಾಚಿ ಕೂತು ಕೂಸಿಗೆ ಎಣ್ಣೆ ಹಚ್ಚುತ್ತಿದ್ದಾಳೆ. ಕೂಸು ಬೋರಲು ಮಲಗಿದೆ. ಎಣ್ಣೆಯ ಹೊಳಪಿನ ಕೆಳಗೆ ಅದೇ ಮಚ್ಚೆ, ಅದೇ ಜಾಗ. ಫೋಟೋದ ಮೂಲೆಯಲ್ಲಿ ತಾರೀಖು.

ಮಕ್ಕಳ ಡಾಕ್ಟರು ಕೆಲಸವನ್ನು ಇನ್ನೂ ಗಟ್ಟಿ ಮಾಡಿದರು. ಮಚ್ಚೆಯನ್ನು ಬೆರಳಲ್ಲಿ ಒತ್ತಿದರು, ಮಗಳು ಕಚಗುಳಿ ಅಂತ ನಕ್ಕಳು. ಸ್ಕೇಲ್ ಇಟ್ಟು ಅಳೆದು ಫೋಟೋ ತೆಗೆದರು. "ಪೆಟ್ಟಿನ ಕಲೆ ಆದರೆ ದಿನ ಕಳೆದ ಹಾಗೆ ಹಸಿರಾಗಿ, ಹಳದಿಯಾಗಿ ಹೋಗಿಬಿಡುತ್ತೆ. ಇದು ಚರ್ಮದ ಆಳದಲ್ಲಿ ಉಳಿದ ಬಣ್ಣದ ಕಣ, ಇದ್ದಂಗೇ ಇರುತ್ತೆ. ಮುಂದಿನ ವಾರ ಬನ್ನಿ, ಮತ್ತೆ ಅಳೀತೀನಿ" ಅಂದರು. ನಮ್ಮ ಕಡೆ ಮಕ್ಕಳಲ್ಲಿ ಇದು ಮಾಮೂಲಂತೆ. ಬಹಳಷ್ಟು ಮಕ್ಕಳಿಗೆ ನಾಲ್ಕೈದು ವರ್ಷಕ್ಕೆ ಮಾಸುತ್ತೆ, ಕೆಲವರಿಗೆ ತಡ. ವಾರ ಬಿಟ್ಟು ಹೋದರೆ ಒಂದು ಮಿಲಿಮೀಟರೂ ಆಚೀಚೆ ಆಗಿರಲಿಲ್ಲ. ಅದನ್ನೇ ಲೆಟರ್‌ಹೆಡ್ ಮೇಲೆ ಬರೆದು ಕೊಟ್ಟರು.

ಈ ನಡುವೆ ಮಗಳಿಗೆ ಜ್ವರ ಬಂತು. ಶಾಲೆ ಗ್ರೂಪಿಗೆ ಮೆಸೇಜ್ ಹಾಕಿ ಮನೆಯಲ್ಲೇ ಇರಿಸಿಕೊಂಡೆವು. ಶಾಲೆಯವರು ಮತ್ತೊಂದು ಪತ್ರ ಬರೆದರು, ಈ ಸಲ ಮಕ್ಕಳ ರಕ್ಷಣಾ ಘಟಕಕ್ಕೆ. ದೂರು ಕೊಟ್ಟ ಮೇಲೆ ಮಗು ಶಾಲೆಗೆ ಬರುತ್ತಿಲ್ಲ, ಪೋಷಕರು ಬಚ್ಚಿಡುತ್ತಿರುವ ಅನುಮಾನವಿದೆ ಅಂತ. ಮೊದಲ ದೂರಿನ ಬಗ್ಗೆ ನನಗೆ ಸಿಟ್ಟು ಇಳಿದಿದೆ. ಮೈಮೇಲೆ ನೀಲಿ ಕಲೆ, ಮಗುವಿನ ಬಾಯಲ್ಲಿ "ಹೊಡೀತಾರೆ". ಫೋನ್ ಮಾಡದೆ ಇನ್ನೇನು ಮಾಡಬೇಕಿತ್ತು? ಎರಡನೆಯದು ಹಾಗಲ್ಲ. ಜ್ವರದ ಮೆಸೇಜಿಗೆ "ಓಕೆ" ಅಂತ ಉತ್ತರ ಕೊಟ್ಟವರೇ ಆ ಪತ್ರ ಬರೆದಿದ್ದರು. ಅದು ಮಗುವಿನ ಕಾಳಜಿಗಲ್ಲ, ತಮ್ಮ ಫೈಲ್ ಗಟ್ಟಿ ಮಾಡಿಕೊಳ್ಳೋಕೆ.

ಸಮಿತಿ ಮುಂದೆ ಹೋಗುವಾಗ ಕೋರ್ಟು, ಕಟಕಟೆ ಅಂತ ಏನೇನೋ ಅಂದುಕೊಂಡಿದ್ದೆ. ಉದ್ದನೆ ಟೇಬಲ್ಲು, ಅದರಾಚೆ ಅಧ್ಯಕ್ಷರು, ಸದಸ್ಯರು, ಅಷ್ಟೇ. ನಮ್ಮನ್ನು ಹೊರಗೆ ಕೂರಿಸಿ ಮಗಳ ಜೊತೆ ಮಾತಾಡಿದರು. ಬಾಗಿಲು ತೆಗೆದಾಗ ಅವಳು ಒಬ್ಬ ಸದಸ್ಯರಿಗೆ ದಿಂಬು ಹೇಗೆ ಹಿಡಿಯಬೇಕು ಅಂತ ಕೈ ಎತ್ತಿ ತೋರಿಸುತ್ತಿದ್ದಳು. ಚೀಟಿ, ಫೋಟೋ, ಡಾಕ್ಟರ ಪತ್ರ, ಜ್ವರದ ಮೆಸೇಜಿನ ಪ್ರಿಂಟ್, ಎಲ್ಲ ಜೋಡಿಸಿ ಕೊಟ್ಟೆ. ದೂರಿನಲ್ಲಿ ಹುರುಳಿಲ್ಲ ಅಂತ ಬರೆದು ಮುಗಿಸಿದರು. ಆದೇಶದ ಪ್ರತಿ ಕೇಳಿ ತಗೊಂಡೆ.

ಅದನ್ನು ಹಿಡಿದು ಶಾಲೆಗೆ ಹೋದರೆ ಹೆಡ್ ಮೇಡಂ, "ನಿಮಗೆ ಮುಜುಗರ ಆಗಿದ್ದರೆ ಟಿಸಿ ಕೊಡ್ತೀವಿ" ಅಂದರು. "ಟಿಸಿ ಬೇಡ ಮೇಡಂ, ಈ ಪತ್ರಕ್ಕೆ ಸೀಲ್ ಹಾಕಿ" ಅಂದೆ. ಪತ್ರದಲ್ಲಿ ಕೇಳಿದ್ದು ಇಷ್ಟು: ಆದೇಶದ ಪ್ರತಿ ಮಗಳ ಫೈಲಿನಲ್ಲಿ ಇರಬೇಕು. ಇನ್ನು ಮುಂದೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ಸುತ್ತ ನಿಂತು ಮಗುವನ್ನು ಪ್ರಶ್ನೆ ಮಾಡಬಾರದು. ಆಯಮ್ಮನಿಗೆ ಇದರಿಂದ ಯಾವ ತೊಂದರೆಯೂ ಆಗಬಾರದು. ಕೊನೆಯದನ್ನು ಸೇರಿಸಿದ್ದು ನನ್ನ ಹೆಂಡತಿ. ಮೇಡಂ ಆ ಸಾಲನ್ನು ಎರಡು ಸಲ ಓದಿ, ಏನೂ ಹೇಳದೆ ಕ್ಲರ್ಕನ್ನು ಕರೆದು ಸೀಲ್ ಹಾಕಿಸಿದರು.

ಜೂನಿಗೆ ಒಂದನೇ ಕ್ಲಾಸು. ಹೊಸ ಟೀಚರಿಗೆ ಮೊದಲ ದಿನವೇ ಡಾಕ್ಟರ ಪತ್ರದ ಜೆರಾಕ್ಸ್ ಕೊಡಬೇಕು ಅಂತ ಹೆಂಡತಿ ಈಗಲೇ ಹೇಳಿಟ್ಟಿದ್ದಾಳೆ. ದಿಂಬಿನ ಜಗಳದ ವಿಷಯವನ್ನೂ ಬಾಯಿಬಿಟ್ಟು ಹೇಳಿ ಬರಬೇಕಂತೆ.