ಕಪಾಟಿನ ಬಾಗಿಲ ಹಿಂದಿನ ಗೀಟುಗಳು

ಕುಡಿತ ಬಿಡ್ತೀನಿ ಅಂತ ನಾನು ಯಾರಿಗೂ ಹೇಳಿರಲಿಲ್ಲ. ಹೇಳಿ, ಮತ್ತೆ ಕುಡಿದರೆ? ಯಾವ ಮುಖ ಇಟ್ಟುಕೊಂಡು ಮನೆಯವರ ಎದುರು ನಿಲ್ಲಲಿ? ಕುಡಿಯದೆ ಇರುವುದಕ್ಕಿಂತ ಈ ಯೋಚನೆಯೇ ಜಾಸ್ತಿ ಹೆದರಿಸುತ್ತಿತ್ತು. ಅದಕ್ಕೇ ಗುಟ್ಟಾಗಿ ಬಿಡಲು ನೋಡಿದೆ. ಬಟ್ಟೆ ಕಪಾಟಿನ ಬಾಗಿಲ ಒಳಗಡೆ, ಅಂಗಿಗಳ ಮರೆಯಲ್ಲಿ, ಕುಡಿಯದ ಒಂದೊಂದು ದಿನಕ್ಕೂ ಪೆನ್ಸಿಲ್‌ನಿಂದ ಒಂದು ಗೀಟು.

ಮೊದಲ ಸಲ 4 ಗೀಟು. ಅಳಿಸಿದೆ. ಆಮೇಲೆ 11. ಅದನ್ನೂ ಅಳಿಸಿದೆ. ಮೂರನೇ ಸಲ 19ರವರೆಗೆ ಬಂತು. 20ನೇ ದಿನ ಸಂಜೆ ಒಂದು ಪೆಗ್ ಕುಡಿದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ‘ಹೇಗೂ ಕೆಟ್ಟೇ ಹೋಯ್ತಲ್ಲ, ಇನ್ನೇನು’ ಅನ್ನಿಸಿತು. ಆ ಮಾತೇ ಬಾಟಲಿ ಖಾಲಿ ಮಾಡಿಸಿತು.

ಮರುದಿನ ರಬ್ಬರ್ ಹಿಡಿದು ಕಪಾಟಿನ ಮುಂದೆ ನಿಂತಿದ್ದೆ. ಕೈ ನಡುಗುತ್ತಿತ್ತು. ಹೆಂಡತಿ ಯಾವಾಗ ಬಂದಳೋ ಗೊತ್ತಾಗಲಿಲ್ಲ. ಗೀಟುಗಳನ್ನು ನೋಡಿದಳು, ನನ್ನನ್ನು ನೋಡಿದಳು. "ಯಾಕ್ರೀ ಅಳಿಸ್ತೀರಾ? ಅಷ್ಟು ದಿನ ನೀವು ಕುಡಿದಿರಲಿಲ್ಲ ಅಲ್ವಾ?" ಅಂದಳು. ಹಾಸಿಗೆ ಮೇಲೆ ಕೂತು ಅತ್ತುಬಿಟ್ಟೆ. ಎಲ್ಲ ಹೇಳಿದೆ.

ಅವಳೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಳು. ದಿನಾ ಜಾಸ್ತಿ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಅಪಾಯ ಅಂತ ಅಲ್ಲೇ ಗೊತ್ತಾಗಿದ್ದು. ಕೆಲವೇ ಗಂಟೆಗಳಲ್ಲಿ ನಡುಕ, ಬೆವರು ಶುರುವಾಗುತ್ತದೆ. ಮೊದಲ 48 ಗಂಟೆಯೊಳಗೆ ಕೆಲವರಿಗೆ ಫಿಟ್ಸ್ ಬರಬಹುದು. ಆಮೇಲೆ ಇಲ್ಲದ್ದೆಲ್ಲ ಕಾಣಿಸಿ, ಜೀವಕ್ಕೇ ಕುತ್ತು ಬರುವುದೂ ಉಂಟು. ಇದನ್ನು ತಡೆಯಲು ಮಾತ್ರೆಗಳಿವೆ, ಬಿ1 ವಿಟಮಿನ್ ಕೂಡ ಕೊಡುತ್ತಾರೆ. ಮರ್ಯಾದೆಗೆ ಅಂಜಿ ಇಷ್ಟನ್ನೂ ನಾನೊಬ್ಬನೇ ದಾಟಲು ಹೋಗಿದ್ದೆ. ದಯವಿಟ್ಟು ನೀವು ಹಾಗೆ ಮಾಡಬೇಡಿ.

ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಸಂಘ ಆಲ್ಕೋಹಾಲಿಕ್ಸ್ ಅನಾನಿಮಸ್, ಅದರ ಸಭೆಗೂ ಹೋದೆ. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಡಾ. ಬಾಬ್, ಬಿಟ್ಟ ಮೇಲೆ ವೈದ್ಯರ ಸಮ್ಮೇಳನವೊಂದಕ್ಕೆ ಹೋಗಿ ಮತ್ತೆ ಕುಡಿದಿದ್ದರಂತೆ. ವಾಪಸ್ ಬಂದ ಮೇಲೆ ಅವರು ಕೊನೆಯ ಸಲ ಕುಡಿದದ್ದು 1935ರ ಜೂನ್ 10 ಅಂತ ಹೇಳುತ್ತಾರೆ. ಆ ದಿನವನ್ನೇ ಸಂಘ ತನ್ನ ಹುಟ್ಟಿದ ದಿನ ಅಂತ ಲೆಕ್ಕ ಹಿಡಿಯುತ್ತದೆ. ಇದನ್ನು ಕೇಳಿದ ರಾತ್ರಿ ತುಂಬಾ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಬಂತು.

ಆ 19 ಗೀಟು ಇನ್ನೂ ಹಾಗೇ ಇವೆ. ಪಕ್ಕದಲ್ಲಿ ಹೊಸ ಸಾಲು. ಅದರಲ್ಲೂ ಒಂದು ಕಡೆ ಒಂದು ಗೀಟಿನಷ್ಟು ಜಾಗ ಖಾಲಿ ಇದೆ. ಆ ರಾತ್ರಿಯೇ ಅವಳಿಗೆ ಹೇಳಿದೆ. ಮರುದಿನ ಮತ್ತೆ ಗೀಟು ಹಾಕಿದೆ.

ಈ ಭಾನುವಾರ ಹಳೇ ಗೆಳೆಯರೆಲ್ಲ ಸೇರುತ್ತಿದ್ದಾರೆ. ನನಗೆ ಭಯ ಇದೆ. ಅದನ್ನು ಅವಳಿಗೆ ಈಗಲೇ ಹೇಳಿದ್ದೇನೆ.